ಎಲೆಕ್ಟ್ರಿಕ್ ಕಾರಿನ ಇಂಗಾಲದ ಲೆಕ್ಕ: ಒಬ್ಬೊಬ್ಬರು ಒಂದೊಂದು ಹೇಳುವುದು ಯಾಕೆ?

ಪ್ರಶ್ನೆ:
ಎರಡು ದಿನದಿಂದ ಇದೇ ತಲೆ ತಿನ್ನುತ್ತಿದೆ. ಎಲೆಕ್ಟ್ರಿಕ್ ಕಾರು ತಯಾರಾಗುವಲ್ಲಿಂದ ಗುಜರಿಗೆ ಹೋಗುವ ತನಕ ಎಷ್ಟು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ ಅಂತ ಓದುತ್ತಾ ಕೂತೆ. ಒಂದು ಕಡೆ ಪೆಟ್ರೋಲ್ ಕಾರಿನ ಮೂರನೇ ಒಂದು ಪಾಲು ಅಂತಾರೆ, ಇನ್ನೊಂದು ಕಡೆ ಹೆಚ್ಚೇನೂ ವ್ಯತ್ಯಾಸ ಇಲ್ಲ ಅಂತಾರೆ. ಕಲ್ಲಿದ್ದಲು ಸುಟ್ಟು ಮಾಡಿದ ಕರೆಂಟ್ ಹಾಕಿದರೆ ಹೊಗೆ ಜಾಗ ಬದಲಿಸಿತು, ಅಷ್ಟೇ ಅಲ್ವಾ?

ಉತ್ತರ 1:
ಎರಡೂ ಸರಿ ಇರಬಹುದು. ಲೆಕ್ಕಕ್ಕೆ ಹಿಡಿದದ್ದು ಯಾವ ಕರೆಂಟ್ ಅಂತ ಮೊದಲು ನೋಡಿ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ 2014ರ ವರದಿ ಪ್ರಕಾರ, ಸ್ಥಾವರ ಕಟ್ಟುವಾಗ ಬರುವ ಇಂಗಾಲವನ್ನೂ ಸೇರಿಸಿ, ಒಂದು ಯೂನಿಟ್ (ಕಿಲೋವ್ಯಾಟ್-ಗಂಟೆ) ಕರೆಂಟ್‌ಗೆ ಕಲ್ಲಿದ್ದಲಿನಿಂದ ಸುಮಾರು 820 ಗ್ರಾಂ, ಗ್ಯಾಸಿನಿಂದ 490, ದೊಡ್ಡ ಸೋಲಾರ್ ಘಟಕದಿಂದ 48, ಗಾಳಿಯಿಂದ ಬರೀ 11-12.

ಈಗ ಕೂತು ಗುಣಿಸೋಣ. ತಂತಿಯಲ್ಲಿ, ಚಾರ್ಜಿಂಗ್‌ನಲ್ಲಿ ನಷ್ಟವಾಗುವುದೂ ಸೇರಿ 100 ಕಿ.ಮೀ.ಗೆ 18 ಯೂನಿಟ್ ಅಂದುಕೊಳ್ಳಿ. ಪೂರ್ತಿ ಕಲ್ಲಿದ್ದಲಾದರೆ ಕಿ.ಮೀ.ಗೆ 148 ಗ್ರಾಂ. 100 ಕಿ.ಮೀ.ಗೆ 6 ಲೀಟರ್ ಕುಡಿಯುವ ಪೆಟ್ರೋಲ್ ಕಾರು ಹೊಗೆ ಕೊಳವೆಯಿಂದಲೇ 138 ಗ್ರಾಂ ಬಿಡುತ್ತದೆ, ಯಾಕಂದರೆ ಒಂದು ಲೀಟರ್ ಸುಟ್ಟರೆ 2.3 ಕಿಲೋ ಬರುತ್ತದೆ. ಕಚ್ಚಾ ತೈಲ ತೆಗೆದು, ಸಾಗಿಸಿ, ಸಂಸ್ಕರಿಸುವುದನ್ನು ಇದಕ್ಕೆ ಸೇರಿಸಿದರೆ 160 ದಾಟುತ್ತದೆ. ಅಂದರೆ ಬರೀ ಕಲ್ಲಿದ್ದಲಿನಲ್ಲಿ ನಿಮ್ಮ ಮಾತು ಹೆಚ್ಚುಕಡಿಮೆ ನಿಜ. ಆದರೆ ಅರ್ಧ ಕಲ್ಲಿದ್ದಲು, ಅರ್ಧ ಗಾಳಿ ಆದ ಕೂಡಲೇ 148 ಇದ್ದದ್ದು 75ಕ್ಕೆ ಇಳಿಯುತ್ತದೆ!

ವಾಹನಗಳ ಮಾಲಿನ್ಯ ಅಧ್ಯಯನ ಮಾಡುವ ಐಸಿಸಿಟಿ ಸಂಸ್ಥೆಯ 2021ರ ಅಧ್ಯಯನದಲ್ಲೂ ಇದೇ ಕಾಣುತ್ತದೆ. ತಯಾರಿಯಿಂದ ಗುಜರಿ ತನಕ, ಮಧ್ಯಮ ಗಾತ್ರದ ಎಲೆಕ್ಟ್ರಿಕ್ ಕಾರಿನದು ಪೆಟ್ರೋಲ್ ಕಾರಿಗಿಂತ ಯುರೋಪಿನಲ್ಲಿ 66-69%, ಚೀನಾದಲ್ಲಿ 37-45%, ಭಾರತದಲ್ಲಿ 19-34% ಕಡಿಮೆ. ನೀವು ಓದಿದ ಎರಡೂ ಮಾತು ಒಂದೇ ಅಧ್ಯಯನದೊಳಗೆ ಸಿಗುತ್ತವೆ ನೋಡಿ.

ಉತ್ತರ 2:
ಬ್ಯಾಟರಿ ಮರೀಬೇಡಿ. ಜಗಳ ಜಾಸ್ತಿ ಆಗುವುದೇ ಅಲ್ಲಿ. ಸ್ವೀಡನ್ನಿನ ಐವಿಎಲ್ ಸಂಸ್ಥೆ 2017ರಲ್ಲಿ ಬ್ಯಾಟರಿ ತಯಾರಿಸಲು ಒಂದು ಯೂನಿಟ್ ಸಾಮರ್ಥ್ಯಕ್ಕೆ 150-200 ಕಿಲೋ ಇಂಗಾಲದ ಡೈಆಕ್ಸೈಡ್ ಅಂದಿತ್ತು. ಅದೇ ಸಂಸ್ಥೆ 2019ರಲ್ಲಿ 61-106ಕ್ಕೆ ಇಳಿಸಿತು. ಆದರೂ ಹಳೆ ಅಂಕಿಯನ್ನೇ ಹಿಡಿದು ಬರೆಯುವವರು ಇದ್ದಾರೆ, ನನಗೆ ನಿಜವಾಗಿ ಬೇಜಾರಾಗುವುದು ಇದಕ್ಕೇ. 50 ಯೂನಿಟ್ ಬ್ಯಾಟರಿಗೆ 200ರ ಲೆಕ್ಕ ಹಿಡಿದು, ಕಾರು 1.5 ಲಕ್ಷ ಕಿ.ಮೀ. ಓಡುತ್ತದೆ ಅಂದರೆ ಕಿ.ಮೀ.ಗೆ 67 ಗ್ರಾಂ ಹೊರೆ. 61 ಹಿಡಿದು 2.5 ಲಕ್ಷ ಅಂದರೆ 12 ಗ್ರಾಂ. ಕಾರು ಅದೇ, ಬ್ಯಾಟರಿ ಅದೇ.

ಉತ್ತರ 3:
ಇಂಗಾಲ ಒಂದನ್ನೇ ನೋಡಿದರೆ ಸಾಲದು. ತಾಮ್ರ, ನಿಕ್ಕಲ್, ಕೋಬಾಲ್ಟ್ ಅಗೆಯುವ ಊರುಗಳ ನೀರು, ಮಣ್ಣು ಯಾವ ಲೆಕ್ಕಕ್ಕೆ ಬರಬೇಕು? ನಿಕ್ಕಲ್‌ನ ಗಂಧಕದ ಅದಿರು ಕರಗಿಸುವಾಗ ಸಲ್ಫರ್ ಡೈಆಕ್ಸೈಡ್ ಹೊರಡುತ್ತದೆ. ವರದಿಗಳಲ್ಲಿ ಇಂಥ ವಿಷದ ಪರಿಣಾಮ ತೋರಿಸುವ ಸಾಲಿನಲ್ಲಿ ಎಷ್ಟೋ ಸಲ ಎಲೆಕ್ಟ್ರಿಕ್ ಕಾರೇ ಹಿಂದೆ ಬೀಳುತ್ತದೆ. ಎಲೆಕ್ಟ್ರಿಕ್ ಬೇಡ ಅಂತ ಇದನ್ನು ಹೇಳುತ್ತಿಲ್ಲ. ವರದಿ ಓದುವಾಗ ಆ ಸಾಲನ್ನೂ ಓದಿ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಇನ್ನೊಂದು ಅನುಮಾನ. ಕಾರಿನಿಂದ ತೆಗೆದ ಹಳೆ ಬ್ಯಾಟರಿಯನ್ನು ಸೋಲಾರ್ ಜೊತೆ ಮನೆಗೆ ಬಳಸಿದರೆ, ಆ ಹೊರೆ ಕಾರಿನ ಲೆಕ್ಕಕ್ಕಾ, ಮನೆಯ ಲೆಕ್ಕಕ್ಕಾ?

ಉತ್ತರ 2:
ಒಬ್ಬರು ಪೂರ್ತಿ ಕಾರಿಗೆ ಹಾಕುತ್ತಾರೆ, ಇನ್ನೊಬ್ಬರು ಪಾಲು ಮಾಡುತ್ತಾರೆ. ಹೇಗೆ ಪಾಲು ಮಾಡಿದೆವು ಅಂತ ಬರೆಯಲೇಬೇಕು, ಇಂಥ ಲೆಕ್ಕಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 14044 ಅದನ್ನು ಕೇಳುತ್ತದೆ. ಬರೆದಿಲ್ಲದಿದ್ದರೆ ನಾನಂತೂ ಆ ವರದಿಯನ್ನು ಪಕ್ಕಕ್ಕಿಡುತ್ತೇನೆ.