ಪದಚರ್ಚೆ: ‘ಪೆಟ್ಟಿ ಆಪೀಸರ್ ಮೈಸೂರ್’ ಅಂದರೆ ಏನರ್ಥ?

ಪ್ರಶ್ನೆ (ಮಂಡ್ಯದಿಂದ):

ಮನೆಯ ಆಲ್ಬಮ್ಮಿನಲ್ಲಿರುವ ಒಂದು ಹಳೆಯ ಫೋಟೋದ ಬೆನ್ನಿಗೆ ಸೀಸದ ಕಡ್ಡಿಯಲ್ಲಿ ‘ಪೆಟ್ಟಿ ಆಪೀಸರ್ ಮೈಸೂರ್’ ಎಂದು ಬರೆದಿದೆ. ಹೆಸರಿಲ್ಲ, ಇಸವಿಯಿಲ್ಲ. ಫೋಟೋದಲ್ಲಿರುವುದು ನಮ್ಮ ಕಡೆಯ ಹಿರಿಯರು ಅನ್ನುವುದಷ್ಟೇ ಖಾತ್ರಿ. ಕಪ್ಪು ಕೋಟು, ಎರಡು ಸಾಲು ಗುಂಡಿ, ಟೈ, ಮುಂದೆ ಚುಂಚಿರುವ ಟೋಪಿ. ಎಡತೋಳಿನ ಮೇಲೆ ಅಡ್ಡಡ್ಡ ಹಾಕಿದ ಎರಡು ಲಂಗರು, ಅವುಗಳ ಮೇಲೆ ಏನೋ ಒಂದು ಸಣ್ಣ ಗುರುತು. ಮೊಬೈಲಿನಲ್ಲಿ ತೆಗೆದ ಅದರ ಚಿತ್ರ ಕಳಿಸಿದ್ದೇನೆ. ಮನೆಯಲ್ಲಿ ಕೆಲವರು ‘ಹಡಗಿನ ಕ್ಯಾಪ್ಟನ್’ ಅನ್ನುತ್ತಾರೆ, ಇನ್ನು ಕೆಲವರು ‘ಖಲಾಸಿ’ ಅನ್ನುತ್ತಾರೆ. ಪೆಟ್ಟಿ ಅಂದರೆ ಪೆಟ್ಟಿಗೆಯೇ? ಉಗ್ರಾಣದ ಕೆಲಸವಿದ್ದಿರಬಹುದೇ? ಮೈಸೂರ್ ಅನ್ನುವುದು ಊರಿನ ಹೆಸರೇ ತಾನೆ?

ಉತ್ತರ 1:

ಇಲ್ಲಿನ ‘ಪೆಟ್ಟಿ’ಗೂ ಪೆಟ್ಟಿಗೆಗೂ ಸಂಬಂಧವಿಲ್ಲ. ಫ್ರೆಂಚಿನಲ್ಲಿ ‘ಸಣ್ಣ’ ಎಂಬ ಅರ್ಥದ ಮಾತು ಇಂಗ್ಲಿಷಿಗೆ ಹೋಗಿ ನಮ್ಮಲ್ಲಿಗೆ ಬಂದದ್ದು. ‘ಪೆಟ್ಟಿ ಕೇಸು’ ಅನ್ನುವಾಗ ಇರುವುದೂ ಇದೇ ಪೆಟ್ಟಿ. ‘ಪೆಟ್ಟಿ ಅಂಗಡಿ’ಯಲ್ಲಿ ಮಾತ್ರ ಎರಡೂ ಬೆರೆತುಹೋಗಿವೆ: ಪೆಟ್ಟಿಗೆಯಂಥ ಮರದ ಅಂಗಡಿಯೂ ಹೌದು, ಸಣ್ಣ ಅಂಗಡಿಯೂ ಹೌದು. ಆ ಬೆರಕೆಯಿಂದಲೇ ನಿಮಗೆ ಉಗ್ರಾಣದ ಅನುಮಾನ ಬಂದಿರಬೇಕು.

ಹಾಗೆಂದು ‘ಸಣ್ಣ ಅಧಿಕಾರಿ’ ಅಥವಾ ‘ಕಿರಿಯ ಅಧಿಕಾರಿ’ ಎಂದು ಕನ್ನಡ ಮಾಡಬೇಡಿ, ಅರ್ಥವೇ ಬೇರೆಯಾಗುತ್ತದೆ. ನೌಕಾಪಡೆಯಲ್ಲಿ ಅಧಿಕಾರಿಗಳದು ಒಂದು ವರ್ಗ, ನಾವಿಕರದು ಇನ್ನೊಂದು. ಪೆಟ್ಟಿ ಆಫೀಸರ್ ನಾವಿಕರ ವರ್ಗದವರು. ಭೂಸೇನೆಯ ಹವಾಲ್ದಾರ್‌ಗೆ ಸಮ. ಕೆಳಗೆ ಲೀಡಿಂಗ್ ಸೀಮನ್, ಅಂದರೆ ನಾಯಕ್‌ಗೆ ಸಮನಾದವರು. ಮೇಲೆ ಚೀಫ್ ಪೆಟ್ಟಿ ಆಫೀಸರ್. ನೌಕಾಪಡೆಯವರು ಈ ವರ್ಗವನ್ನೆಲ್ಲ ‘ರೇಟಿಂಗ್’ ಎಂದೂ ಕರೆಯುತ್ತಿದ್ದರು. ಹಳೆಯ ಕಾಗದದಲ್ಲಿ ಆ ಪದ ಸಿಕ್ಕರೆ ಅದು ಅಂಕವಲ್ಲ, ದರ್ಜೆಯೂ ಅಲ್ಲ, ನಾವಿಕ ಎಂದಷ್ಟೇ ಅರ್ಥ.

‘ಕ್ಯಾಪ್ಟನ್’ ಅನ್ನುವುದನ್ನು ಸಮವಸ್ತ್ರವೇ ಒಪ್ಪುವುದಿಲ್ಲ. ನೌಕಾಪಡೆಯ ಕ್ಯಾಪ್ಟನ್ ಅಂದರೆ ಕೋಟಿನ ತೋಳ ತುದಿಯಲ್ಲಿ ನಾಲ್ಕು ಚಿನ್ನದ ಪಟ್ಟಿ, ಮೇಲಿನ ಪಟ್ಟಿಗೆ ಒಂದು ಸುರುಳಿ. ಅದು ಭೂಸೇನೆಯ ಕರ್ನಲ್‌ಗೆ ಸಮನಾದ ಹುದ್ದೆ. ಭೂಸೇನೆಯ ಮೂರು ನಕ್ಷತ್ರದ ಕ್ಯಾಪ್ಟನ್ನಿಗೆ ನೌಕಾಪಡೆಯಲ್ಲಿ ಸಮ ಎರಡು ಪಟ್ಟಿಯ ಲೆಫ್ಟಿನೆಂಟ್. ನಮ್ಮ ಕಡೆ ಸೈನ್ಯದ ಮಾತು ಬಂದರೆ ಭೂಸೇನೆಯ ಹೆಸರುಗಳೇ ನಾಲಿಗೆಗೆ ಬರುತ್ತವೆ, ಹಾಗಾಗಿ ಈ ಗೊಂದಲ ಬಹಳ ಮನೆಗಳಲ್ಲಿದೆ. ನಿಮ್ಮ ಫೋಟೋದಲ್ಲಿ ತೋಳ ತುದಿ ಖಾಲಿಯಿದ್ದು ಮೇಲ್ತೋಳಿನಲ್ಲಿ ಅಡ್ಡ ಲಂಗರುಗಳಿವೆ. ಅದು ಪೆಟ್ಟಿ ಆಫೀಸರ್‌ನ ಗುರುತೇ. ಬೆನ್ನಿಗೆ ಬರೆದವರು ಸರಿಯಾಗಿ ತಿಳಿದೇ ಬರೆದಿದ್ದಾರೆ.

ಕ್ಯಾಪ್ಟನ್ ಅನ್ನುವ ಮಾತು ಹುಟ್ಟಿದ್ದು ಟೋಪಿಯಿಂದ ಇರಬಹುದು. ನಾವಿಕ ಅಂದರೆ ದುಂಡು ಟೋಪಿ, ಚೌಕ ಕಾಲರು ಎಂದು ಎಲ್ಲರ ಕಣ್ಣಲ್ಲಿ ಕೂತಿದೆ. ಕೋಟು, ಟೈ, ಚುಂಚು ಟೋಪಿ ಕಂಡರೆ ಸಾಹೇಬರೇ ಅನ್ನಿಸುತ್ತದೆ. ಆದರೆ ಪೆಟ್ಟಿ ಆಫೀಸರುಗಳೂ ಚೀಫ್‌ಗಳೂ ಈ ಉಡುಪು ಹಾಕುತ್ತಿದ್ದರು. ಅಷ್ಟೇ ಅಲ್ಲ, ಅಡುಗೆಯವರು, ಬಡಿಸುವವರು, ಗುಮಾಸ್ತರು, ಆಸ್ಪತ್ರೆಯ ಸಹಾಯಕರಿಗೂ ಚುಂಚು ಟೋಪಿಯೇ. ವ್ಯತ್ಯಾಸ ಟೋಪಿಯ ಬಿಲ್ಲೆಯಲ್ಲಿದೆ. ಅಧಿಕಾರಿಯ ಬಿಲ್ಲೆ ದೊಡ್ಡದು, ಲಂಗರಿನ ಸುತ್ತ ಎಲೆಗಳ ದಟ್ಟ ಹಾರ. ಪೆಟ್ಟಿ ಆಫೀಸರ್‌ನ ಬಿಲ್ಲೆ ಸಣ್ಣದು, ಲಂಗರಿನ ಸುತ್ತ ದುಂಡಗೆ ಒಂದು ಹುರಿಯ ಬಳೆ, ಎಲೆಯಿಲ್ಲ. ಅಡುಗೆ, ಗುಮಾಸ್ತಿಕೆಯ ಕಿರಿಯರದು ಕೆಂಪು ದಾರದ ಕಸೂತಿ.

ಈಗ ‘ಮೈಸೂರ್’. ನನ್ನ ಮಟ್ಟಿಗೆ ಇಡೀ ಬರಹದಲ್ಲಿ ಬೆಲೆಯುಳ್ಳ ಪದ ಇದೇ. ಬ್ರಿಟಿಷರ ‘ನೈಜೀರಿಯಾ’ ಎಂಬ ಯುದ್ಧನೌಕೆಯನ್ನು ಭಾರತ 1954ರಲ್ಲಿ ಕೊಂಡುಕೊಂಡಿತು. ಅದು 29 ಆಗಸ್ಟ್ 1957ರಂದು ‘ಐಎನ್‌ಎಸ್ ಮೈಸೂರ್’ ಎಂಬ ಹೆಸರಿನಲ್ಲಿ ನಮ್ಮ ನೌಕಾಪಡೆ ಸೇರಿತು. ಅದರ ಲಾಂಛನ ಗಂಡಭೇರುಂಡ. 1971ರ ಯುದ್ಧದಲ್ಲಿ ಪಶ್ಚಿಮ ನೌಕಾಬಳಗದ ಧ್ವಜನೌಕೆ ಅದೇ. ಸೇವೆಯಿಂದ ಇಳಿದದ್ದು 1985ರಲ್ಲಿ. ಅದೇ ಹೆಸರಿನ ಈಗಿನ ವಿಧ್ವಂಸಕ ನೌಕೆ ಬಂದದ್ದು 1999ರಲ್ಲಿ. ಹಾಗಾಗಿ ‘ಪೆಟ್ಟಿ ಆಪೀಸರ್ ಮೈಸೂರ್’ ಅನ್ನುವುದಕ್ಕೆ ‘ಮೈಸೂರ್ ಹಡಗಿನ ಪೆಟ್ಟಿ ಆಫೀಸರ್’ ಎಂದೂ ಅರ್ಥವಾಗಬಹುದು, ‘ಪೆಟ್ಟಿ ಆಫೀಸರ್, ಊರು ಮೈಸೂರು’ ಎಂದೂ ಆಗಬಹುದು. ಕನ್ನಡದಲ್ಲಿ ಬರೆಯುವವರು ಊರಿಗೆ ‘ಮೈಸೂರು’ ಎಂದು ಉಕಾರ ಹಾಕುವುದು ರೂಢಿ, ಇಲ್ಲಿ ಅದಿಲ್ಲ. ಇದು ಹಡಗಿನ ಕಡೆ ವಾಲುವ ಸುಳಿವು, ಆದರೆ ಇಂಗ್ಲಿಷ್ ಓದಿದ ಕೈ ಊರನ್ನೂ ಹಾಗೆ ಬರೆದೀತು.

ತೀರ್ಮಾನ ಇರುವುದು ಲಂಗರುಗಳ ಮೇಲಿನ ಆ ಸಣ್ಣ ಗುರುತಿನಲ್ಲಿ. 26 ಜನವರಿ 1950ರವರೆಗೆ ಅದು ಬ್ರಿಟಿಷ್ ರಾಜನ ಕಿರೀಟ. ಆಮೇಲೆ ಅಶೋಕನ ಸಿಂಹ. 1947ರ ಆಗಸ್ಟ್ ಕಳೆದೊಡನೆ ಕಿರೀಟ ಹೋಯಿತು ಎಂದು ಹಲವರು ತಿಳಿದಿದ್ದಾರೆ. ಇಲ್ಲ, ನೌಕಾಪಡೆಯ ಹೆಸರಿನಲ್ಲಿದ್ದ ‘ರಾಯಲ್’ ಎಂಬ ಮಾತೂ ಹಡಗುಗಳ ಹೆಸರಿನ ಮೊದಲು ಬರುತ್ತಿದ್ದ ‘ಎಚ್‌ಎಂಐಎಸ್’ (ರಾಜರ ಭಾರತೀಯ ಹಡಗು) ಎಂಬ ಅಕ್ಷರಗಳೂ ಹೋಗಿದ್ದು ಗಣರಾಜ್ಯವಾದಾಗಲೇ. ನಿಮ್ಮ ಫೋಟೋದಲ್ಲಿ ಕಿರೀಟವಿದ್ದರೆ ಆ ಕಾಲಕ್ಕೆ ಮೈಸೂರ್ ಇನ್ನೂ ನೈಜೀರಿಯಾ ಆಗಿತ್ತು, ಆಗ ಬೆನ್ನಿನ ಮೈಸೂರ್ ಊರೇ, ಇಲ್ಲವೇ ಎಷ್ಟೋ ವರ್ಷ ಬಿಟ್ಟು ಬರೆದದ್ದು. ಸಿಂಹವಿದ್ದರೆ ಹಡಗಿನ ಅರ್ಥಕ್ಕೆ ಬಾಗಿಲು ತೆರೆಯುತ್ತದೆ.

ಉತ್ತರ 2:

ಮೇಲಿನವರು ಹೇಳಿದ್ದಕ್ಕೆ ಕೆಲವು ಸೇರಿಸುತ್ತೇನೆ.

‘ಖಲಾಸಿ’ ಅಂದವರು ಸುಳ್ಳು ಹೇಳಿಲ್ಲ, ಹಳೆಯ ಮಾತು ಹೇಳಿದ್ದಾರೆ. ಹಿಂದೂಸ್ತಾನಿಯಿಂದ ಬಂದ ಈ ಪದಕ್ಕೆ ಮೊದಲು ಹಡಗಿನ ಆಳು ಎಂದೇ ಅರ್ಥ. ಮೈಸೂರಿನಲ್ಲಿ ಅದನ್ನು ರೈಲ್ವೆ ವರ್ಕ್‌ಶಾಪಿನ ಸಹಾಯಕನಿಗೆ ಬಳಸಿ ಬಳಸಿ ಹಡಗಿನ ಅರ್ಥ ಮರೆತುಹೋಗಿದೆ. ನೌಕಾಪಡೆಯ ಸಮವಸ್ತ್ರದವರಿಗೆ ಈಗ ಅದನ್ನು ಬಳಸುವುದು ಸರಿಯಲ್ಲ, ‘ನಾವಿಕ’ ಎನ್ನಿ. ಆದರೆ 1977ರಲ್ಲಿ ಶುರುವಾದ ತಟರಕ್ಷಣಾ ಪಡೆಯಲ್ಲಿ ‘ನಾವಿಕ್’ ಎಂಬುದೇ ಒಂದು ಹುದ್ದೆ. ಇತ್ತೀಚಿನ ಫೋಟೋ ಆದರೆ ಅದನ್ನೂ ಮನಸ್ಸಿನಲ್ಲಿಡಬೇಕು.

‘ಹಡಗು’ ಎಂಬ ಮಾತನ್ನೂ ಎಚ್ಚರದಿಂದ ಓದಿ. ನೌಕಾಪಡೆ ನೆಲದ ಮೇಲಿನ ನೆಲೆಗೂ ಹಡಗಿನ ಹೆಸರನ್ನೇ ಇಡುತ್ತದೆ. ಎಂಜಿನ್ ಕೆಲಸ ಕಲಿಸುವ ಶಿವಾಜಿ ಇರುವುದು ಲೋಣಾವಳದಲ್ಲಿ, ವಲಸುರಾ ಜಾಮ್‌ನಗರದಲ್ಲಿ, ವೆಂಡುರುತ್ತಿ ಕೊಚ್ಚಿಯಲ್ಲಿ. 1946ರ ಫೆಬ್ರವರಿಯಲ್ಲಿ ನಾವಿಕರ ದಂಗೆ ಶುರುವಾದ ‘ತಲವಾರ್’ ಕೂಡ ಮುಂಬಯಿಯ ಸಿಗ್ನಲ್ ಶಾಲೆ, ನೀರಿನ ಮೇಲಿನ ಹಡಗಲ್ಲ. ‘ಶಿವಾಜಿ ಹಡಗಿನಲ್ಲಿದ್ದರು’ ಎಂದು ಮನೆಯಲ್ಲಿ ಹೇಳಿದರೆ ಎಂಜಿನ್ ಕೆಲಸ ಕಲಿತರು ಎಂದು ತಿಳಿಯಬೇಕು, ಸಮುದ್ರಯಾನ ಮಾಡಿದರು ಎಂದಲ್ಲ. ಇತ್ತ ‘ಕಾವೇರಿ’ ಎಂದು ಕೇಳಿ ನಮ್ಮ ಹೊಳೆ ಎಂದುಕೊಂಡರೆ ಅಲ್ಲೂ ತಪ್ಪು: ಎರಡನೇ ಮಹಾಯುದ್ಧದ ಕಾಲದಲ್ಲಿ ಆ ಹೆಸರಿನ ನಿಜವಾದ ಯುದ್ಧನೌಕೆಯಿತ್ತು.

ಎಡತೋಳಿನಲ್ಲಿ ಲಂಗರುಗಳ ಕೆಳಗೆ ವಿ ಆಕಾರದ ಪಟ್ಟಿಗಳಿವೆಯೇ ನೋಡಿ. ಅವು ಹವಾಲ್ದಾರನ ಪಟ್ಟಿಗಳಂತೆಯೇ ಕಂಡರೂ ಹುದ್ದೆಯಲ್ಲ, ಸನ್ನಡತೆಯಿಂದ ಸೇವೆ ಮಾಡಿದ ವರ್ಷಗಳ ಲೆಕ್ಕ, ಹೆಚ್ಚೆಂದರೆ ಮೂರು. ಕಸುಬು ತಿಳಿಯುವುದು ಬಲತೋಳಿನಿಂದ. ಮೂರೆಸಳಿನ ಪ್ರೊಪೆಲ್ಲರ್ ಇದ್ದರೆ ಸ್ಟೋಕರ್ (ಬಾಯ್ಲರಿನ ಬೆಂಕಿ ನೋಡಿಕೊಳ್ಳುವವರು), ರೆಕ್ಕೆಯ ನಡುವೆ ಮಿಂಚಿದ್ದರೆ ತಂತಿ ಕಳಿಸುವವರು, ಅಡ್ಡ ಬಾವುಟವಿದ್ದರೆ ಸಿಗ್ನಲ್‌ನವರು. ಬಲತೋಳು ಖಾಲಿ ಕಂಡರೆ ಗುರುತೇ ಇರಲಿಲ್ಲ ಎಂದು ಬರೆದುಬಿಡಬೇಡಿ. ಹಳೆಯ ಸ್ಟುಡಿಯೋಗಳ ಆರ್ಥೋಕ್ರೊಮ್ಯಾಟಿಕ್ ಫಿಲಂಗೆ ಕೆಂಪು ಬೆಳಕು ತಾಗುತ್ತಿರಲಿಲ್ಲ, ಕೆಂಪೆಲ್ಲ ಕಪ್ಪಾಗಿ ಬೀಳುತ್ತಿತ್ತು. ಗಾಢನೀಲಿ ಬಟ್ಟೆಯ ಮೇಲಿನ ಕೆಂಪು ಕಸೂತಿ ಅಂಥ ಫೋಟೋದಲ್ಲಿ ಮಾಯವಾಗುತ್ತದೆ. ದಾರದ ಉಬ್ಬು ಮಾತ್ರ ಕೆಲವೊಮ್ಮೆ ನೆರಳಾಗಿ ಉಳಿದಿರುತ್ತದೆ.

ನೀವು ಕಳಿಸಿದ ಮೊಬೈಲ್ ಚಿತ್ರದಲ್ಲಿ ಕಿರೀಟವೋ ಸಿಂಹವೋ ಯಾರಿಗೂ ಹೇಳಲಾಗದು. ಕಾರಣ ಸರಳ: ಅಂಗೈಯಗಲದ ಫೋಟೋದಲ್ಲಿ ಆ ಗುರುತು ಸುಮಾರು 2 ಮಿಲಿಮೀಟರ್. 300 ಡಿಪಿಐನಲ್ಲಿ (ಅಂದರೆ ಅಂಗುಲಕ್ಕೆ 300 ಚುಕ್ಕೆ) ಸ್ಕ್ಯಾನ್ ಮಾಡಿದರೆ ಅದಕ್ಕೆ ಸಿಗುವುದು 24 ಚುಕ್ಕೆ, 1200ರಲ್ಲಿ 94. ಆದ್ದರಿಂದ 1200ಕ್ಕೆ ಇಟ್ಟು, ಬಣ್ಣದಲ್ಲೇ, ಟಿಫ್ ಕಡತವಾಗಿ ಉಳಿಸಿ. ‘ಶಾರ್ಪನ್’ ಆಯ್ಕೆಯನ್ನು ಬಂದ್ ಮಾಡಿಡಿ, ಅದು ಇಲ್ಲದ ಗೆರೆಗಳನ್ನು ಹುಟ್ಟಿಸುತ್ತದೆ. ವಾಟ್ಸಾಪಿನಲ್ಲಿ ಕಳಿಸುವುದಾದರೆ ಚಿತ್ರವಾಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೋ ಆಲ್ಬಮ್ಮಿನ ಕಪ್ಪು ಹಾಳೆಗೆ ಅಂಟಿದ್ದರೆ ಕೀಳಬೇಡಿ, ಹಾಳೆಯ ಸಮೇತ ಇಡಿ. ಫ್ರೇಮಿನ ಗಾಜಿಗೆ ಅಂಟಿದ್ದರೆ ಗಾಜಿನ ಮೇಲಿಂದಲೇ ಸ್ಕ್ಯಾನ್ ಮಾಡಿ, ಬಿಡಿಸಹೋದರೆ ಮುಖವೇ ಗಾಜಿನಲ್ಲಿ ಉಳಿದುಬಿಡುತ್ತದೆ. ಬೆನ್ನಿನ ಬರಹವನ್ನು ಒರೆಸದೆ, ದೀಪವನ್ನು ಪಕ್ಕದಿಂದ ತೀರಾ ತಗ್ಗಿಸಿ ಹಿಡಿದು ಒಂದು ಚಿತ್ರ ತೆಗೆಯಿರಿ. ಸೀಸ ಮಾಸಿದ್ದರೂ ಕಡ್ಡಿ ಒತ್ತಿದ ಗೀರು ಕಾಣುತ್ತದೆ. ‘ಮೈಸೂರ್’ ಹಿಂದೆ ‘ಐಎನ್‌ಎಸ್’ ಇತ್ತೇ ಎಂಬುದು ಅಲ್ಲೇ ತಿಳಿದೀತು. ರಟ್ಟಿನ ಅಂಚಿನಲ್ಲಿ ಸ್ಟುಡಿಯೋದ ಉಬ್ಬು ಮುದ್ರೆಯಿದ್ದರೆ ಅದಕ್ಕೂ ಇದೇ ಬೆಳಕು. ಸ್ಟುಡಿಯೋ ಮುಂಬಯಿಯದೋ ಕೊಚ್ಚಿಯದೋ ಆಗಿದ್ದರೆ ಬೆನ್ನಿನ ಮೈಸೂರ್ ಫೋಟೋ ತೆಗೆಸಿದ ಜಾಗವಂತೂ ಅಲ್ಲ.

ದೊಡ್ಡದು ಮಾಡಿ ನೋಡುವಾಗ ಹೀಗೆ ಗುರುತಿಸಿ: ಕಿರೀಟವಾದರೆ ಮೇಲುಭಾಗ ಗುಂಡಗೆ ಉಬ್ಬಿ ನೆತ್ತಿಯಲ್ಲೊಂದು ಚುಕ್ಕೆಯಿರುತ್ತದೆ. ಸಿಂಹವಾದರೆ ನೆಟ್ಟಗೆ ನಿಂತ ಮೋಟುಕಂಬದ ಹಾಗೆ, ಎಡಬಲಕ್ಕೆ ಎರಡು ಮೂತಿ ಚಾಚಿ, ಕೆಳಗೆ ಅಗಲವಾದ ಪೀಠ. ಟೋಪಿಯ ಬಿಲ್ಲೆಯ ಮೇಲೂ ಇದೇ ಗುರುತಿರುತ್ತದೆ, ಎರಡನ್ನೂ ಹೋಲಿಸಿ.

ಸಿಂಹವೇ ಆದರೆ ಮುಂದಿನ ದಾರಿ ಮುಂಬಯಿಯ ಮಾನ್‌ಖುರ್ದ್‌ನಲ್ಲಿರುವ ನಾವಿಕರ ಬ್ಯೂರೋ. ಸ್ವತಂತ್ರ ಭಾರತದ ನಾವಿಕರ ಸೇವಾ ದಾಖಲೆ ಅಲ್ಲಿನದು. ಹೆಸರೊಂದರಿಂದ ಹುಡುಕುವುದು ಕಷ್ಟ, ಸೇವಾ ಸಂಖ್ಯೆ ಬೇಕು. ಅದು ಪಿಂಚಣಿ ಆದೇಶದ ಮೇಲೆ, ಬಿಡುಗಡೆ ಪತ್ರದ ಮೇಲೆ ಇರುತ್ತದೆ. ಮನೆಯಲ್ಲಿ ಯಾರಿಗಾದರೂ ಕುಟುಂಬ ಪಿಂಚಣಿ ಬರುತ್ತಿದ್ದರೆ ಬ್ಯಾಂಕಿನ ಆ ಕಾಗದ ಮೊದಲು ತೆಗೆಸಿ. ಮೈಸೂರಿನ ಸೈನಿಕ ಕಲ್ಯಾಣ ಕಚೇರಿಯಲ್ಲೂ ಒಮ್ಮೆ ವಿಚಾರಿಸಿ, ನಿವೃತ್ತರು ಅಲ್ಲಿ ಹೆಸರು ಬರೆಸಿರುವುದುಂಟು.

ಸದ್ಯಕ್ಕೆ ಫೋಟೋದ ಕೆಳಗೆ ‘ಪೆಟ್ಟಿ ಆಫೀಸರ್, ನೌಕಾಪಡೆ’ ಎಂದಷ್ಟೇ ಬರೆಯಿರಿ. ಮೈಸೂರ್ ಅನ್ನು ಉದ್ಧರಣ ಚಿಹ್ನೆಯೊಳಗೆ, ಬೆನ್ನಿನಲ್ಲಿ ಇದ್ದ ಹಾಗೇ, ಉಕಾರ ಸೇರಿಸದೆ ಇಡಿ. ತೋಳಿನ ಸ್ಕ್ಯಾನ್ ಬಂದ ಮೇಲೆ ಅದನ್ನು ಬಿಡಿಸೋಣ.