ಪದಚರ್ಚೆ: ಮೆಮೊರಿ ಕಾರ್ಡಿನ ಫೋಟೊ ‘ಕಾಣದ’, ‘ಕಾಣೆಯಾದ’, ‘ಅಳಿಸಿದ’, ‘ಕೆಟ್ಟ’: ಯಾವುದು ಎಲ್ಲಿಗೆ? (ತುರ್ತು)

ಡಿಜಿಟಲ್ ಕ್ಯಾಮೆರಾ ಕೈಪಿಡಿಯೊಂದರ ‘ತೊಂದರೆ–ಪರಿಹಾರ’ ಪುಟ ಇಂದು ಸಂಜೆ ಅಚ್ಚಿಗೆ ಹೋಗಬೇಕು. ಮೂಲದಲ್ಲಿ ‘ಮಿಸ್ಸಿಂಗ್ ಫೋಟೊಸ್’ ಅನ್ನುವ ಒಂದೇ ತಲೆಬರಹದ ಕೆಳಗೆ ನಾಲ್ಕು ಬೇರೆ ಬೇರೆ ಸ್ಥಿತಿಗಳಿವೆ. ಫೋಟೊ ಕಾರ್ಡಿನಲ್ಲಿದೆ, ಕ್ಯಾಮೆರಾ ತೋರಿಸುತ್ತಿಲ್ಲ. ಡಿಲೀಟ್ ಆಗಿದೆ. ಕಾರ್ಡ್ ಫಾರ್ಮ್ಯಾಟ್ ಆಗಿದೆ. ಹೆಸರು ಕಾಣುತ್ತದೆ, ಚಿತ್ರ ತೆರೆಯುವುದಿಲ್ಲ. ನಮ್ಮ ಕರಡಿನಲ್ಲಿ ನಾಲ್ಕಕ್ಕೂ ‘ಕಳೆದುಹೋದ ಫೋಟೊ’, ರಿಕವರ್‌ಗೆ ‘ಹಿಂಪಡೆ’ ಎಂದಿದೆ. ನಡೆಯುತ್ತದೆಯೆ? ಪದ ಸಾಕು, ಚರಿತ್ರೆ ಬೇಡ.

ಮರು:

‘ಕಳೆದುಹೋದ’ ತೆಗೆದುಹಾಕಿ. ಓದುವವರು ಆಗಲೇ ಗಾಬರಿಯಲ್ಲಿರುತ್ತಾರೆ, ಫೋಟೊ ಹೋಯಿತು ಅಂತ ನೀವೇ ತೀರ್ಪು ಕೊಟ್ಟುಬಿಟ್ಟರೆ ಮುಂದಿನ ಸಾಲು ಯಾರು ಓದುತ್ತಾರೆ?

ಮೊದಲ ಸ್ಥಿತಿಗೆ ‘ಕಾಣದ ಫೋಟೊ’. ಕ್ಯಾಮೆರಾ ಹುಡುಕುವುದು ಕಾರ್ಡಿನಲ್ಲಿ ಫೋಟೊಗಳಿಗೆಂದೇ ಇರುವ ಡಿಸಿಐಎಂ (DCIM) ಎಂಬ ಫೋಲ್ಡರಿನೊಳಗೆ ಮಾತ್ರ. ಅದರಲ್ಲೂ ಒಳಫೋಲ್ಡರಿನ ಹೆಸರು 100ರಿಂದ 999ರೊಳಗಿನ ಮೂರು ಅಂಕಿ, ಆಮೇಲೆ ಐದು ಅಕ್ಷರ ಇರಬೇಕು. ಫೈಲಿನ ಹೆಸರು ನಾಲ್ಕು ಅಕ್ಷರ, ಆಮೇಲೆ 0001ರಿಂದ 9999ರೊಳಗಿನ ಅಂಕಿ. ಕಂಪ್ಯೂಟರಿನಲ್ಲಿ ಹೆಸರು ಬದಲಿಸಿ ಮತ್ತೆ ಕಾರ್ಡಿಗೆ ಹಾಕಿದ ಫೋಟೊ ಕಂಪ್ಯೂಟರಿಗೆ ಕಾಣುತ್ತದೆ, ಕ್ಯಾಮೆರಾಗೆ ಕಾಣುವುದಿಲ್ಲ. ಕೆಲವು ಕ್ಯಾಮೆರಾಗಳಲ್ಲಿ ‘ಈಗಿನ ಫೋಲ್ಡರ್ ಮಾತ್ರ ತೋರಿಸು’ ಅನ್ನುವ ಆಯ್ಕೆ ಇರುತ್ತದೆ. ಎರಡು ಕಾರ್ಡಿನ ಕ್ಯಾಮೆರಾದಲ್ಲಿ ರಾ (ಕ್ಯಾಮೆರಾ ಸಂಸ್ಕರಿಸದ ಮೂಲ ಚಿತ್ರ) ಒಂದಕ್ಕೆ, ಜೆಪೆಗ್ ಇನ್ನೊಂದಕ್ಕೆ ಹೋಗುವಂತೆ ಇಟ್ಟಿರಬಹುದು. ಕೆಲವು ಸಣ್ಣ ಕ್ಯಾಮೆರಾಗಳು ಕಾರ್ಡ್ ಇಲ್ಲದಾಗ ತಮ್ಮ ಒಳನೆನಪಿಗೇ ಬರೆದುಕೊಂಡಿರುತ್ತವೆ. ಇದರಲ್ಲಿ ಯಾವುದೂ ‘ಕಳೆದದ್ದು’ ಅಲ್ಲ.

ಮ್ಯಾಕ್‌ನಲ್ಲಿ ಕಸಕ್ಕೆ ಹಾಕಿದ್ದು ಕಾರ್ಡಿನಲ್ಲೇ ಅಡಗಿದ ಫೋಲ್ಡರಿನಲ್ಲಿ ಕೂತಿರುತ್ತದೆ. ಫೋಟೊ ಒಂದೂ ಇಲ್ಲ, ಕಾರ್ಡ್ ಮಾತ್ರ ತುಂಬಿದೆ ಅನ್ನುವ ದೂರಿಗೆ ಇದೇ ಕಾರಣ ಆಗಿರಬಹುದು. ಅದಕ್ಕೆ ‘ಅಡಗಿದ’ ಅನ್ನಿ, ‘ಅಳಿಸಿದ’ ಬೇಡ.

ಮರು:

‘ಕಾಣದ’ ಸರಿ. ‘ಕಾಣೆಯಾದ’ ಬೇಡ. ‘ಕಾಣೆ’ ಎಂಬುದು ‘ಅರಿಯೆ’, ‘ಒಲ್ಲೆ’ಗಳ ಜಾತಿಯ ನಿಷೇಧರೂಪ, ಕಾಣದವನು ನಾನು, ಫೋಟೊ ಅಲ್ಲ.

ನನ್ನ ತಕರಾರು ‘ಅಳಿಸು’ ಮೇಲೆ. ಧಾತು ಹಳಗನ್ನಡದ ‘ಅೞಿ’, ನಾಶವಾಗು. ಅಳಿಸುವುದೆಂದರೆ ನಾಶಮಾಡುವುದು. ಕಾರ್ಡಿನಲ್ಲಿ ನಾಶ ಎಲ್ಲಿ ಆಗುತ್ತದೆ? ಕಾರ್ಡಿನಲ್ಲಿ ಫೈಲುಗಳನ್ನು ಜೋಡಿಸಿಡುವ ಪದ್ಧತಿ ಫ್ಯಾಟ್32 ಆದರೆ ಫೈಲುಗಳ ಪಟ್ಟಿಯಲ್ಲಿರುವ ಹೆಸರಿನ ಮೊದಲ ಬೈಟ್ ಜಾಗದಲ್ಲಿ ಇ5 ಎಂಬ ಗುರುತು ಬೀಳುತ್ತದೆ. ಎಕ್ಸ್‌ಫ್ಯಾಟ್ ಆದರೆ ‘ಬಳಕೆಯಲ್ಲಿದೆ’ ಎನ್ನುವ ಒಂದು ಬಿಟ್ ಸೊನ್ನೆಯಾಗುತ್ತದೆ. ಚಿತ್ರದ ಬೈಟುಗಳು ಇದ್ದಲ್ಲೇ ಇರುತ್ತವೆ. ಲೆಕ್ಕದ ಪುಸ್ತಕದಲ್ಲಿ ಸಾಲು ಹೊಡೆದುಹಾಕಿದ ಹಾಗೆ. ಆದ್ದರಿಂದ ‘ಹೊಡೆದುಹಾಕಿದ ಫೋಟೊ’. ಫೈಲ್‌ಗೆ ನಾವು ಬಳಸುವ ‘ಕಡತ’ವನ್ನೇ ನೋಡಿ. ಬಟ್ಟೆಗೆ ಇದ್ದಿಲು, ಹುಣಸೆಬೀಜದ ಅಂಟು ಬಳಿದು, ಬಳಪದಲ್ಲಿ ಬರೆದು, ಒರೆಸಿ, ಮತ್ತೆ ಬರೆಯುತ್ತಿದ್ದ ವಸ್ತು ಅದು. ಇಂಥ ಕಾರ್ಡಿಗೆ ಇದಕ್ಕಿಂತ ಹೊಂದುವ ಪದ ಬೇರೆ ಭಾಷೆಯಲ್ಲಿ ಸಿಕ್ಕಲಿ ನೋಡೋಣ.

ಮರು:

> ಆದ್ದರಿಂದ ‘ಹೊಡೆದುಹಾಕಿದ ಫೋಟೊ’.

ಯಾರು ಹೊಡೆದರು ಅಂತ ಕೇಳುತ್ತಾರೆ. ‘ಅಳಿಸು’ ಇರಲಿ. ಫ್ಯಾಟ್32ರಲ್ಲಿ ಹೆಸರಿನ ಗುರುತಿನ ಜೊತೆಗೆ, ಫೈಲಿನ ಮುಂದಿನ ತುಂಡು ಎಲ್ಲಿದೆ ಎಂದು ಹೇಳುವ ಕೊಂಡಿಗಳೂ ಸೊನ್ನೆಯಾಗುತ್ತವೆ. ಅಂದರೆ ಏನೋ ಒಂದು ನಿಜವಾಗಿಯೇ ಅಳಿದಿದೆ. ನಿಮ್ಮ ೞಕಾರಕ್ಕೂ ಇಷ್ಟು ನಾಶ ಸಾಕು.

‘ಹಿಂಪಡೆ’ ಬ್ಯಾಂಕಿನ ಪದ, ಇದ್ದ ಹಣ ತೆಗೆಯುವುದಕ್ಕೆ. ಅರ್ಜಿಯನ್ನೂ ಹಿಂಪಡೆಯುತ್ತಾರೆ. ಇಲ್ಲಿ ‘ಮರಳಿ ಪಡೆ’. ‘ಚೇತರಿಕೆ’ ಅಂತ ಬರೆಯುವವರೂ ಇದ್ದಾರೆ. ಕಾರ್ಡಿಗೆ ಜ್ವರ ಬಂದಿಲ್ಲ.

ಪದಕ್ಕಿಂತ ಹೆಜ್ಜೆಗಳ ಕ್ರಮ ಮುಖ್ಯ. ಕಾರ್ಡಿನಲ್ಲಿ ಇನ್ನೊಂದು ಫೋಟೊ ತೆಗೆಯಬಾರದು, ಬೈಟು ಉಳಿದಿದ್ದರೂ ಹೊಸದು ಅದರ ಮೇಲೆಯೇ ಕೂರಬಹುದು. ಎಸ್‌ಡಿ ಕಾರ್ಡಿನ ಪಕ್ಕದ ಲಾಕ್ ಕೆಳಗೆ ಜಾರಿಸಿ. ಆದರೆ ಆ ಲಾಕ್ ತಾನಾಗಿ ಏನನ್ನೂ ತಡೆಯುವುದಿಲ್ಲ. ಅದನ್ನು ನೋಡಿ ಬರೆಯದೆ ಸುಮ್ಮನಿರಬೇಕಾದ್ದು ಕಾರ್ಡ್ ರೀಡರ್. ಆಮೇಲೆ ಇಡೀ ಕಾರ್ಡಿನ ಪಡಿಯಚ್ಚು ಒಂದನ್ನು ಕಂಪ್ಯೂಟರಿಗೆ ತೆಗೆದು, ಫೋಟೊರೆಕ್‌ನಂಥ, ಅಳಿಸಿದ ಫೋಟೊ ಹುಡುಕುವ ತಂತ್ರಾಂಶವನ್ನು ಆ ಪ್ರತಿಯ ಮೇಲೆ ಓಡಿಸಿ. ಅದು ಫೈಲುಗಳ ಪಟ್ಟಿಯನ್ನು ನಂಬುವುದಿಲ್ಲ. ಜೆಪೆಗ್ ಶುರುವಾಗುವ ಎಫ್‌ಎಫ್ ಡಿ8 ಎಫ್‌ಎಫ್ ಬೈಟುಗಳನ್ನೇ ಹುಡುಕುತ್ತದೆ. ಅದಕ್ಕೇ ಹಳೆಯ ಹೆಸರು ಬರುವುದಿಲ್ಲ, ಮತ್ತು ಚದುರಿ ಬರೆದ ಫೈಲು ಅರ್ಧಕ್ಕೆ ನಿಲ್ಲಬಹುದು. ಸಿಕ್ಕಿದ್ದನ್ನು ಅದೇ ಕಾರ್ಡಿಗೆ ಉಳಿಸಬಾರದು. ಇದನ್ನು ಕೈಪಿಡಿಗಳು ಬಿಟ್ಟೇಬಿಡುತ್ತವೆ.

ಮರು:

‘ಫೋಟೊ’, ‘ಕಾರ್ಡ್’, ‘ಫಾರ್ಮ್ಯಾಟ್’, ‘ಡಿಲೀಟ್’. ಸಾಲಿನಲ್ಲಿ ಕನ್ನಡ ಉಳಿದಿರುವುದು ವಿಭಕ್ತಿಯಲ್ಲಿ ಮಾತ್ರ. ತಿಟ್ಟ, ನೆನಪುಬಿಲ್ಲೆ, ಅಣಿಗೊಳಿಸು, ಅಳಿಸು. ನಾಲ್ಕೂ ಸಿದ್ಧವಿವೆ. ಬಳಸದಿದ್ದರೆ ಬಳಕೆಗೆ ಬರುವುದು ಹೇಗೆ?

ಮರು:

‘ಅಣಿಗೊಳಿಸು’ ಅಪಾಯ. ಆಟಕ್ಕೆ ಅಣಿ, ಊಟಕ್ಕೆ ಅಣಿ. ಕೇಳಲು ಸೌಮ್ಯ, ಯಾರೂ ಹೆದರುವುದಿಲ್ಲ. ‘ಕಾರ್ಡನ್ನು ಅಣಿಗೊಳಿಸಬೇಕೆ?’ ಎಂದು ಪರದೆ ಕೇಳಿದರೆ ‘ಹೌದು’ ಒತ್ತಿ ಎಲ್ಲ ಕಳೆದುಕೊಳ್ಳುತ್ತಾರೆ. ‘ಫಾರ್ಮ್ಯಾಟ್’ ಅಂದರೆ ಕೈ ತಡೆಯುತ್ತದೆ. ಆ ಹೆದರಿಕೆಯೇ ಆ ಪದದ ಅರ್ಥ.

ಇಂಗ್ಲಿಷ್ ಬಂದ ತಕ್ಷಣ ಮೈಲಿಗೆ ಅನ್ನುವವರು ಹೊರಗಿನಿಂದಲೇ ಬಂದ ಕಾಗದ, ಕುರ್ಚಿ, ಮೇಜು, ಸಾಬೂನುಗಳಿಗೂ ಮೊದಲು ದಾರಿ ತೋರಿಸಲಿ. ಸಂಸ್ಕೃತದ ‘ಛಾಯಾಚಿತ್ರ’ ಮಾತ್ರ ಮನೆಮಗಳೋ?

ಮರು:

ಮೇಜಿಗೆ ಸಮನಾದ ಕನ್ನಡ ಇರಲಿಲ್ಲ, ಬಂತು. ಅಳಿಸುವುದಕ್ಕೆ ಇತ್ತು, ಆದರೂ ‘ಡಿಲೀಟ್’ ಬಂತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ‘ಅಣಿ’ ಬೇಡವಾದರೆ ‘ಬರಿದುಮಾಡು’ ಅನ್ನಿ.

ಮರು:

‘ಬರಿದು’ ಸುಳ್ಳು. ಸಾಮಾನ್ಯ ಫಾರ್ಮ್ಯಾಟ್ ಪಟ್ಟಿಗಳನ್ನಷ್ಟೇ ಹೊಸದಾಗಿ ಬರೆಯುತ್ತದೆ. ಚಿತ್ರದ ಬೈಟು ಉಳಿದಿರಬಹುದು. ಕೆಲವು ಕ್ಯಾಮೆರಾಗಳಲ್ಲಿರುವ ‘ಲೋ ಲೆವೆಲ್ ಫಾರ್ಮ್ಯಾಟ್’ ಆಯ್ಕೆ ಇಡೀ ಕಾರ್ಡನ್ನೇ ಅಳಿಸುತ್ತದೆ, ಆಗ ಏನೂ ಸಿಗುವುದಿಲ್ಲ. ಎರಡಕ್ಕೂ ‘ಬರಿದು’ ಅಂದರೆ ಮೊದಲನೆಯವರು ಪ್ರಯತ್ನವನ್ನೇ ಮಾಡುವುದಿಲ್ಲ. ಕೈಪಿಡಿಯಲ್ಲಿ ‘ಫಾರ್ಮ್ಯಾಟ್ ಆಗಿದ್ದರೂ ಮರಳಿ ಸಿಗಬಹುದು’ ಎಂದಿರಲಿ. ‘ಸಿಗುತ್ತದೆ’ ಅಲ್ಲ.

ನಾಲ್ಕನೆಯದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ‘ಕೆಟ್ಟ ಫೋಟೊ’ ಅಂದರೆ ಚೆನ್ನಾಗಿ ತೆಗೆಯದ ಫೋಟೊ. ‘ಹಾಳಾದ ಫೋಟೊ’ ಬೈಗುಳ. ‘ತೆರೆಯದ ಫೋಟೊ’ ಸಾಕು, ಬಳಸುವವರಿಗೆ ತಿಳಿದಿರುವುದು ಅಷ್ಟೇ. ಫೈಲಿನ ತಲೆಯಲ್ಲಿ ಅಂಚೆಚೀಟಿಯಷ್ಟು ಪುಟ್ಟ ಚಿತ್ರ, ಸಾಮಾನ್ಯವಾಗಿ 160 × 120 ಬಿಂದುಗಳದು, ಬೇರೆಯಾಗಿ ಇರುತ್ತದೆ. ದೊಡ್ಡ ಚಿತ್ರ ಕೆಟ್ಟಿದ್ದರೂ ಅದು ಪರದೆಯಲ್ಲಿ ಕಾಣಬಹುದು. ದೊಡ್ಡದು ಮಾಡಿ ನೋಡಿದಾಗಲೇ ಗೊತ್ತಾಗುವುದು.

ಇನ್ನೊಂದು ಕಾರಣ ನಕಲಿ ಕಾರ್ಡ್. ಮೇಲೆ 64 ಜಿಬಿ ಎಂದಿರುತ್ತದೆ, ಒಳಗೆ 8 ಇರುತ್ತದೆ. ಎಂಟು ತುಂಬಿದ ಮೇಲೂ ಕ್ಯಾಮೆರಾ ಬರೆಯುತ್ತಲೇ ಹೋಗುತ್ತದೆ, ಹೆಸರುಗಳೂ ಸರಿಯಾಗಿ ಕಾಣುತ್ತವೆ, ಚಿತ್ರ ಮಾತ್ರ ಎಲ್ಲೂ ಇರುವುದಿಲ್ಲ. ಫೋಟೊಗಳನ್ನು ತೆಗೆದಿಟ್ಟುಕೊಂಡ ಮೇಲೆ ಎಫ್3 ಅಥವಾ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಪರೀಕ್ಷೆಯ ತಂತ್ರಾಂಶ ಓಡಿಸಿದರೆ ಬಯಲಾಗುತ್ತದೆ. ಮೊದಲೇ ಓಡಿಸಿದರೆ ಕಾರ್ಡಿನ ತುಂಬ ಪರೀಕ್ಷೆಯ ಫೈಲುಗಳು ಬರೆದುಕೊಂಡು ಉಳಿದದ್ದೂ ಹೋಗುತ್ತದೆ. ವಿಂಡೋಸ್‌ನ ದುರಸ್ತಿ ತಂತ್ರಾಂಶ ಚೆಕ್‌ಡಿಸ್ಕ್‌ಗೂ ಇದೇ ಮಾತು. ಅದು ಕಾರ್ಡನ್ನು ‘ಸರಿಪಡಿಸುವ’ ಹೊತ್ತಿಗೆ ನಿಮ್ಮ ಫೋಟೊಗಳು ‘ಫೌಂಡ್.000’ ಫೋಲ್ಡರಿನಲ್ಲಿ ಗುರುತು ಸಿಗದ ತುಂಡುಗಳಾಗಿ ಬಿದ್ದಿರಬಹುದು.

ಮರು:

ಕೇಳಿದವನ ಕೊನೆಯ ಕರಡು. ತಲೆಬರಹ ‘ಫೋಟೊ ಕಾಣುತ್ತಿಲ್ಲವೆ?’ ಒಳಗೆ ಕಾಣದ, ಅಳಿಸಿದ, ಫಾರ್ಮ್ಯಾಟ್ ಆದ, ತೆರೆಯದ. ಕ್ರಿಯಾಪದ ‘ಮರಳಿ ಪಡೆಯಿರಿ’. ಕೊನೆಯಲ್ಲಿ ಎಚ್ಚರಿಕೆಯ ಚೌಕ: ‘ಕಾರ್ಡನ್ನು ಫಾರ್ಮ್ಯಾಟ್ ಮಾಡಬೇಕೆ ಎಂದು ಕಂಪ್ಯೂಟರ್ ಕೇಳಿದರೆ ಬೇಡ ಎನ್ನಿ.’

ಮರು:

ಚೌಕ ಕೊನೆಗಲ್ಲ, ಮೊದಲಿಗೆ. 32 ಜಿಬಿ ಮೀರಿದ ಎಸ್‌ಡಿಎಕ್ಸ್‌ಸಿ ಕಾರ್ಡನ್ನು ಹಳೆಯ ರೀಡರಿಗೆ ಹಾಕಿದರೆ ಅದಕ್ಕೆ ಓದಲು ಬಾರದು, ಕಂಪ್ಯೂಟರ್ ತಕ್ಷಣ ಫಾರ್ಮ್ಯಾಟ್ ಮಾಡಲೆ ಅನ್ನುತ್ತದೆ. ಕಾರ್ಡಿಗೆ ಏನೂ ಆಗಿರುವುದಿಲ್ಲ. ‘ಬೇಡ ಎನ್ನಿ, ಬೇರೆ ರೀಡರಿನಲ್ಲಿ ನೋಡಿ’ ಅಂತ ಪೂರ್ತಿ ಮಾಡಿ. ಮತ್ತೆ ‘ಮಾಡಬೇಕೆ ಎಂದು’ ಅಲ್ಲಿ ಪ್ರಶ್ನೆಗೆ ಉದ್ಧರಣ ಚಿಹ್ನೆ ಹಾಕಿ.