ರೇರಾ ನಂಬರ್ ಇದ್ದರೆ ಸಾಕಾ?

ಮೈಸೂರಿನ ನಮ್ಮ ಹಳೇ ಮನೆಯ ಅಡುಗೆಮನೆ, ಬಚ್ಚಲು ಎರಡನ್ನೂ ಹೊಸದಾಗಿ ಮಾಡಿಸಬೇಕು. ಕಾಂಟ್ರಾಕ್ಟರ್ ಹುಡುಕುತ್ತಿದ್ದೇನೆ ಅಂತ ಗೊತ್ತಾಗಿದ್ದೇ ತಡ, ಅತ್ತೆ ಫ್ಯಾಮಿಲಿ ಗ್ರೂಪಿಗೆ ರೇರಾ (ರಿಯಲ್ ಎಸ್ಟೇಟ್ ಕಾಯಿದೆ) ಬಗ್ಗೆ ಇದನ್ನು ಕಳಿಸಿದರು.

"ಎಚ್ಚರ! ಮನೆ ರಿಪೇರಿ ಮಾಡಿಸುವವರು ತಪ್ಪದೇ ಓದಿ. ಇನ್ನು ಮುಂದೆ ಪ್ರತಿ ಕಾಂಟ್ರಾಕ್ಟರ್‌ಗೂ ರೇರಾ ನಂಬರ್ ಕಡ್ಡಾಯ. ನಂಬರ್ ಇರುವವರಿಂದ ಮೋಸ ಆದರೆ ಸರ್ಕಾರವೇ ಪೂರ್ತಿ ದುಡ್ಡು ವಾಪಸ್ ಕೊಡುತ್ತದೆ. ಎಲ್ಲರಿಗೂ ಕಳಿಸಿ."

ಅತ್ತೆ: ಮೊದಲು ಇದನ್ನ ಓದು ಪುಟ್ಟಿ. ಆಮೇಲೆ ಅಡ್ವಾನ್ಸ್ ಕೊಡು.

ದೊಡ್ಡಪ್ಪ: 🙏 ಒಳ್ಳೆಯ ಮಾಹಿತಿ. ಮೋಸಗಾರರಿಗೆ ಹೀಗೇ ಆಗಬೇಕು.

ಅಣ್ಣ: ಅತ್ತೆ, ಇದು ಎಲ್ಲಿಂದ ಬಂತು? ಆದೇಶದ ಪ್ರತಿ ಇದೆಯಾ? ತಾರೀಖೇ ಇಲ್ಲವಲ್ಲ.

ಅತ್ತೆ: ನಮ್ಮ ಭಜನಾ ಮಂಡಳಿ ಗ್ರೂಪಲ್ಲಿ ಬಂತು. ಅಲ್ಲಿರೋರೆಲ್ಲ ಓದಿದೋರೇ.

ಅಣ್ಣ: ನಾನು ಕೇಳಿದ್ದು ಅದಲ್ಲ.

ದೊಡ್ಡಪ್ಪ: ಹಿರಿಯರು ಕಾಳಜಿಯಿಂದ ಕಳಿಸಿದ್ದಕ್ಕೆ ಪುರಾವೆ ಕೇಳುವುದು ಸಂಸ್ಕಾರ ಅಲ್ಲ. ನಮ್ಮ ಕಾಲದಲ್ಲಿ ಮೇಸ್ತ್ರಿ ಆಡಿದ ಮಾತೇ ಅಗ್ರಿಮೆಂಟು.

ಚಿಕ್ಕಪ್ಪ: ರೇರಾನೂ ಬೇಡ, ಏನೂ ಬೇಡ. ನನ್ನ ಪರಿಚಯದ ಮೇಸ್ತ್ರಿ ಇದ್ದಾನೆ. ನಾಳೆಯೇ ಕಳಿಸ್ತೀನಿ.

ದೊಡ್ಡಪ್ಪ: ನಿನ್ನ ಪರಿಚಯದವನೇ ನಮ್ಮ ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡಿದ್ದು. ಮೊದಲ ಮಳೆಗೇ ದೇವರಮನೆ ಗೋಡೆ ಒದ್ದೆ.

ಚಿಕ್ಕಪ್ಪ: ಅವನು ಹೇಳಿದ ಕೆಮಿಕಲ್ ಬಿಟ್ಟು ಕಡಿಮೆ ರೇಟಿಂದು ತರಿಸಿದ್ದು ಯಾರು ಅಣ್ಣಾ?

ದೊಡ್ಡಪ್ಪ: ಯಾವುದಾದರೂ ನಡೆಯುತ್ತೆ ಅಂದವನು ಅವನೇ.

ಅಕ್ಕ: ಅಡುಗೆಮನೆಯ ಆ ಕೆಂಪು ಗಾರೆ ನೆಲ ಮಾತ್ರ ಒಡೆಸಬೇಡ ಕಣೆ. ಬೇಸಿಗೆ ರಜದಲ್ಲಿ ಅಲ್ಲೇ ಅಲ್ವಾ ನಾವೆಲ್ಲ ಮಲಗ್ತಿದ್ದಿದ್ದು? ಎಷ್ಟು ತಣ್ಣಗಿರ್ತಿತ್ತು.

ಅತ್ತೆ: ಒಲೆ ಪಕ್ಕ ಅಮ್ಮನ ಒರಳುಕಲ್ಲು ಇತ್ತು. ಅದು ಯಾರ ಮನೆ ಸೇರಿತು ಅಂತ ಇವತ್ತಿಗೂ ಯಾರೂ ಬಾಯಿ ಬಿಟ್ಟಿಲ್ಲ.

ಚಿಕ್ಕಪ್ಪ: ನಮ್ಮ ಮನೇಲಿಲ್ಲ.

ಅತ್ತೆ: ನಾನು ನಿನ್ನ ಹೆಸರು ಹೇಳಲಿಲ್ಲ.

ಅಣ್ಣ: ಮೂಲ ವಿಷಯಕ್ಕೆ ಬರೋಣ. ರೇರಾ 2016ರ ಕಾಯಿದೆ. ಫ್ಲಾಟು, ಸೈಟು ಮಾರುವ ಪ್ರಾಜೆಕ್ಟುಗಳು ಮತ್ತು ಏಜೆಂಟರು ಅದರಲ್ಲಿ ನೋಂದಣಿ ಆಗಬೇಕು. ಮಾರಾಟಕ್ಕಲ್ಲದ ರಿಪೇರಿಗೆ ನೋಂದಣಿ ಬೇಡ ಅಂತ 3ನೇ ಸೆಕ್ಷನ್ನಿನಲ್ಲೇ ಇದೆ. ನಮ್ಮ ಬಚ್ಚಲು ಮಾಡುವವರ ಹತ್ತಿರ ರೇರಾ ನಂಬರ್ ಎಲ್ಲಿಂದ ಬರಬೇಕು?

ದೊಡ್ಡಪ್ಪ: ಎಲ್ಲದಕ್ಕೂ ಸೆಕ್ಷನ್ ತೆಗೆಯಬೇಡ.

ಅಣ್ಣ ಹೇಳಿದ್ದು ಸರಿ. ಆದರೆ ಅಲ್ಲಿಗೇ ಬಿಟ್ಟರೆ ನನ್ನ ಕೆಲಸ ಮುಂದೆ ಹೋಗುವುದಿಲ್ಲ. ಅದಕ್ಕೇ ಉದ್ದ ಆದರೂ ಪರವಾಗಿಲ್ಲ ಅಂತ ಬರೆದೆ.

ನಾನು: ನಂಬರ್ ಇದೆ ಅಂತಲೋ, ಪರಿಚಯದವರು ಅಂತಲೋ, ಕೇಳಬೇಕಾದ್ದನ್ನು ಕೇಳದೆ ದುಡ್ಡು ಕೊಟ್ಟುಬಿಡುತ್ತೇವೆ. ದೊಡ್ಡಪ್ಪನ ತಾರಸಿಯಲ್ಲಿ ಆಗಿದ್ದೂ ಅದೇ. ಯಾವ ಕೆಮಿಕಲ್, ಎಷ್ಟು ಕೋಟ್, ಸೋರಿದರೆ ಯಾರ ಖರ್ಚು, ಏನೂ ಬರೆದಿರಲಿಲ್ಲ. ಈ ಸಲ ಬರೆಸೋಣ. ಲೇಬರ್ ಮಾತ್ರವಾ, ಮೆಟೀರಿಯಲ್ ಸೇರಿಯಾ? ಒಡೆದದ್ದನ್ನು ಸಾಗಿಸುವ ಟ್ರ್ಯಾಕ್ಟರ್ ಬಾಡಿಗೆ ಯಾರದು? ಸುಮ್ನೆ "ಒಳ್ಳೆ ಪ್ಲೈವುಡ್" ಅಂತ ಬರೆದರೆ ಏನೂ ಹೇಳಿದ ಹಾಗಾಗಲ್ಲ. ಸಿಂಕ್ ಕೆಳಗೆ ಐಎಸ್ 710 ಗುರುತಿನದು (ನೀರು ತಡೆಯುವ ಮೆರೈನ್ ಪ್ಲೈವುಡ್), ಇಷ್ಟು ಎಂಎಂ ದಪ್ಪದ್ದು ಅಂತ ಇರಬೇಕು. ಬಚ್ಚಲಿಗೆ ವಾಟರ್‌ಪ್ರೂಫಿಂಗ್ ಆದ ಮೇಲೆ, ಟೈಲ್ಸ್ ಹಾಕುವ ಮುಂಚೆ, ನೀರು ಕಟ್ಟಿ 24 ಗಂಟೆಯಾದರೂ ಬಿಡಬೇಕು. ಪಕ್ಕದ ಗೋಡೆಗೆ ತೇವ ಬರಲಿಲ್ಲ ಅಂದರೆ ಆ ಹಂತದ ದುಡ್ಡು. ಎಲ್ಲ ಮುಗಿದು ಸ್ವಲ್ಪ ದಿನ ಬಳಸಿ ನೋಡಿದ ಮೇಲೆ ಕೊನೇ ಕಂತು.

ನಾನು: ಇನ್ನೊಂದು. ನೋಡಲು ಬಂದ ಒಬ್ಬರು ನಿಂತ ಕಾಲಲ್ಲೇ "ಈ ಗೋಡೆ ತೆಗೆದು ಓಪನ್ ಕಿಚನ್ ಮಾಡಿಕೊಡ್ತೀನಿ" ಅಂದರು. ನಮ್ಮದು ಪಿಲ್ಲರ್ ಇಲ್ಲದ ಮನೆ. ತಾರಸಿಯ ಭಾರ ಹೊತ್ತಿರುವುದೇ ಗೋಡೆಗಳು. ಗೋಡೆ ಮುಟ್ಟುವ ಮುಂಚೆ ಸ್ಟ್ರಕ್ಚರಲ್ ಎಂಜಿನಿಯರ್‌ನ ಕೇಳೋಣ ಅನ್ನದವರಿಗೆ, ರೇಟು ಎಷ್ಟೇ ಕಡಿಮೆ ಇರಲಿ, ನಾನು ಕೆಲಸ ಕೊಡಲ್ಲ.

ಅಣ್ಣ: ಜಿಎಸ್‌ಟಿ ನಂಬರ್ ಇಲ್ಲದವರಿಗೂ ಕೊಡಬೇಡ.

ನಾನು: ಇದ್ದರೆ ಪೋರ್ಟಲ್‌ನಲ್ಲಿ ಹೆಸರು ತಾಳೆ ನೋಡ್ತೀನಿ. ಆದರೆ ವರ್ಷದ ವಹಿವಾಟು 20 ಲಕ್ಷದೊಳಗೆ ಇರುವ ಸಣ್ಣ ಮೇಸ್ತ್ರಿಗೆ ಸಾಮಾನ್ಯವಾಗಿ ಆ ನೋಂದಣಿ ಕಡ್ಡಾಯ ಅಲ್ಲ. ಅವರಲ್ಲಿ ನಿಯತ್ತಿನವರು ಎಷ್ಟೋ ಜನ ಇದ್ದಾರೆ.

ಅತ್ತೆ: ಹಾಗಾದ್ರೆ ಮೋಸ ಆದರೆ ಸರ್ಕಾರ ದುಡ್ಡು ಕೊಡಲ್ವಾ?

ನಾನು: ಕೊಡಲ್ಲ ಅತ್ತೆ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. 2019ರ ಕಾಯಿದೆ ಪ್ರಕಾರ ಎರಡು ವರ್ಷದೊಳಗೆ ದೂರು ಕೊಡಬೇಕು. ಅಲ್ಲಿಯೂ ಕೈಹಿಡಿಯುವುದು ಬರೆಸಿಕೊಂಡ ಕಾಗದ, ಬ್ಯಾಂಕಿನಿಂದ ಕಳಿಸಿದ ದುಡ್ಡಿನ ಲೆಕ್ಕ, ಕೆಲಸ ನಡೆಯುವಾಗ ತೆಗೆದ ಫೋಟೋ.

ಅತ್ತೆ: ಸರಿ, ಮಂಡಳಿ ಗ್ರೂಪಿಗೂ ಇದನ್ನ ಹಾಕ್ತೀನಿ.

ದೊಡ್ಡಪ್ಪ: ನನ್ನ ತಾರಸಿ ವಿಷಯ ಎಲ್ಲರ ಮುಂದೆ ಎಳೆಯಬೇಕಿರಲಿಲ್ಲ.

ಚಿಕ್ಕಪ್ಪ: ಎಳೆದಿದ್ದು ನೀವೇ ಅಣ್ಣಾ.

ನಾನು: ಚಿಕ್ಕಪ್ಪ, ನಿಮ್ಮ ಮೇಸ್ತ್ರಿ ಮಾಡಿದ ಬಚ್ಚಲು ಯಾವುದಾದರೂ ಎರಡು ವರ್ಷ ಬಳಸಿದ್ದು ಇದೆಯಾ? ಹೊಸದು ಬೇಡ. ಹೊಸದರಲ್ಲಿ ಎಲ್ಲವೂ ಹೊಳೆಯುತ್ತೆ.

ಚಿಕ್ಕಪ್ಪ: ಕುವೆಂಪುನಗರದಲ್ಲಿ ಒಂದಿದೆ. ಭಾನುವಾರ ಬಾ, ಕರೆದುಕೊಂಡು ಹೋಗ್ತೀನಿ.

ದೊಡ್ಡಪ್ಪ: ನಾನೂ ಬರುತ್ತೇನೆ. ಗೋಡೆ ನಾನೇ ಮುಟ್ಟಿ ನೋಡಬೇಕು.

ಚಿಕ್ಕಪ್ಪ: ಬನ್ನಿ. ಆ ಮನೆಯವರ ಮುಂದೆ ಮಾತ್ರ ತಾರಸಿ ಕಥೆ ತೆಗೆಯಬೇಡಿ.